ಜಾಗದ ಪತ್ರ ವಾಪಸ್ ಬಂದರೆ ದೋಷ ಹುಡುಕುವುದು ಹೇಗೆ?

ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಜಾಗದ ವ್ಯವಹಾರ ಮಾಡುವ ಕೆಲವರು ಭೂಮಾಲಕರಿಗೆ ನೇರವಾಗಿ ಪತ್ರ ಹಾಕುತ್ತಾರೆ. "ಇಂಥ ಗ್ರಾಮದಲ್ಲಿರುವ ನಿಮ್ಮ ತೋಟವನ್ನೋ ಖಾಲಿ ಜಾಗವನ್ನೋ ಕೊಡುವ ಯೋಚನೆ ಇದ್ದರೆ ತಿಳಿಸಿ" ಎಂದು ಒಂದು ಪುಟ, ಕೆಳಗೆ ಫೋನ್ ನಂಬ್ರ. ಸ್ವಲ್ಪ ದಿನ ಕಳೆದ ಮೇಲೆ ಫೋನ್ ಬರುವುದಕ್ಕಿಂತ ಮೊದಲು ಕವರುಗಳೇ ವಾಪಸ್ ಬರುತ್ತವೆ. ಕಂತೆಯ ರಬ್ಬರ್ ಬ್ಯಾಂಡ್ ಕೂಡ ಬಿಚ್ಚದೆ ಮೂಲೆಗೆ ಹಾಕಿ, "ಪೋಸ್ಟಿನವರೇ ಸರಿ ಇಲ್ಲ ಮಾರಾಯ್ರೆ" ಎಂದು ಬೈದು ಸುಮ್ಮನಾಗುವವರು ಜಾಸ್ತಿ.

ಪೋಸ್ಟಿನವರ ತಪ್ಪು ಇರಲಾರದು ಎಂದಲ್ಲ. ಆದರೆ ಹುಡುಕಾಟ ಅಲ್ಲಿಂದ ಶುರು ಮಾಡಬಾರದು. ನಮ್ಮ ಪಟ್ಟಿ ಬರುವುದು ಜಾಗದ ದಾಖಲೆಯಿಂದ: ತಂಡಪ್ಪೇರ್ ನಂಬ್ರ (ವಿಲೇಜ್ ಆಫೀಸಿನಲ್ಲಿ ಭೂಮಾಲಕರ ಹೆಸರಿನಲ್ಲಿರುವ ಖಾತೆ ನಂಬ್ರ), ಸರ್ವೆ ನಂಬ್ರ, ತೆರಿಗೆ ರಶೀದಿ. ಅಲ್ಲಿರುವ ವಿಳಾಸ ಜಾಗದ ಆಧಾರ, ಅಂದರೆ ನೋಂದಣಿ ಪತ್ರ, ಬರೆಸಿದ ಕಾಲದ್ದು. ಅಂಚೆಯಣ್ಣ ಹುಡುಕುವುದು ಇವತ್ತು ಆ ಮನೆಯಲ್ಲಿ ಇರುವ ಮನುಷ್ಯನನ್ನು. ಈ ಎರಡರ ನಡುವೆ ಎಷ್ಟು ವರ್ಷ ಕಳೆದಿದೆಯೋ ಅಷ್ಟು ಕವರು ವಾಪಸ್ ಬರುತ್ತವೆ. ಉಳಿದ ದೋಷಗಳೆಲ್ಲ ಇದರ ನಂತರ.

ಮೊದಲು ಕಂತೆ ಬಿಚ್ಚಿ

ಮೇಜಿನ ಮೇಲೆ ಕವರುಗಳನ್ನು ಹರಡಿ. ಪ್ರತಿ ಕವರಿನ ಮೇಲೂ ಅಂಚೆಯವರ ಒಂದು ಷರಾ ಇರುತ್ತದೆ. ಕೆಲವೊಮ್ಮೆ ಸೀಲು, ಕೆಲವೊಮ್ಮೆ ಬಾಲ್ ಪೆನ್ನಿನಲ್ಲಿ ಗೀಚಿದ ಎರಡು ಶಬ್ದ. ಇಂಗ್ಲಿಷಿನಲ್ಲೂ ಇರಬಹುದು, ಮಲಯಾಳದಲ್ಲೂ ಇರಬಹುದು. ಮೊದಲು ಷರಾ ನೋಡಿ ಗುಂಪು ಮಾಡಿ. ಆಮೇಲೆ ಅದೇ ಕವರುಗಳನ್ನು ಪಿನ್ ಕೋಡ್ ಪ್ರಕಾರ ಜೋಡಿಸಿ. ಕೊನೆಗೆ ಯಾವ ದಿನ ಅಚ್ಚು ಹಾಕಿಸಿದ್ದು ಎಂಬುದರ ಪ್ರಕಾರ.

ಮೂರು ಸಲ ಯಾಕೆ ಅಂದರೆ, ಒಂದೊಂದು ಜೋಡಣೆ ಒಂದೊಂದು ದೋಷ ತೋರಿಸುತ್ತದೆ. ಒಂದೇ ದಿನ ಅಚ್ಚಾದ ಕವರುಗಳೆಲ್ಲ "ಈ ಹೆಸರಿನವರು ಇಲ್ಲ" ಎಂದು ಬಂದರೆ ದೋಷ ಕಂಪ್ಯೂಟರಿನಲ್ಲಿದೆ. ಒಂದೇ ಪಿನ್ ಕೋಡಿನವು ಮಾತ್ರ ಬಂದಿದ್ದರೆ ಆ ಪಿನ್ನೋ ಆ ಊರಿನ ಅಂಚೆ ಹೆಸರೋ ತಪ್ಪಾಗಿದೆ. ಎಲ್ಲ ಕಡೆಯಿಂದಲೂ ಬೇರೆ ಬೇರೆ ಷರಾದೊಂದಿಗೆ ಒಂದೊಂದಾಗಿ ಬರುತ್ತಿದ್ದರೆ ಪಟ್ಟಿ ಹಳತಾಗಿದೆ ಅಷ್ಟೆ. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಕಂಪ್ಯೂಟರಿನ ದೋಷಗಳು

ಇವನ್ನು ಮೊದಲು ಪರೀಕ್ಷಿಸಿ. ಸರಿ ಮಾಡಲು ಸುಲಭ, ನಷ್ಟ ಮಾತ್ರ ದೊಡ್ಡದು.

ಎಕ್ಸೆಲ್‌ನಲ್ಲಿ ಊರಿನ ಹೆಸರು ಮತ್ತು ಪಿನ್ ಒಂದೇ ಕೋಶದಲ್ಲಿ "ಬದಿಯಡ್ಕ 671551" ಎಂದು ಇದ್ದು, ಅದರ ಮೂಲೆ ಹಿಡಿದು ಕೆಳಗೆ ಎಳೆದರೆ ಏನಾಗುತ್ತದೆ ನೋಡಿ. ಹೆಸರು ಹಾಗೇ ನಕಲಾಗುತ್ತದೆ, ಕೊನೆಯ ಸಂಖ್ಯೆ ಮಾತ್ರ ಒಂದೊಂದೇ ಏರುತ್ತಾ ಹೋಗುತ್ತದೆ. ಎರಡನೇ ಸಾಲಿನಲ್ಲಿ 671552. ಅದು ಪೆರ್ಲದ ಪಿನ್! ಬದಿಯಡ್ಕದ ಕವರು ಪೆರ್ಲಕ್ಕೆ ಹೋಗುತ್ತದೆ. ಅಲ್ಲಿಯವರು ಪುಣ್ಯವಂತರಾದರೆ ತಿದ್ದಿ ಕಳುಹಿಸುತ್ತಾರೆ, ಇಲ್ಲವಾದರೆ ನಿಮಗೇ ವಾಪಸ್. ಅದರ ಕೆಳಗಿನ ಸಾಲುಗಳ ಗತಿ ಕೇಳುವುದೇ ಬೇಡ. ಪರೀಕ್ಷೆ ಸುಲಭ: ಪಿನ್ ಕಾಲಮಿನ ಮೇಲೆ ಫಿಲ್ಟರ್ ಹಾಕಿ, ಬೇರೆ ಬೇರೆ ಪಿನ್ ಎಷ್ಟಿವೆ ನೋಡಿ. ನೀವು ಪತ್ರ ಹಾಕಿದ್ದು ಕುಂಬಳೆ (671321), ಉಪ್ಪಳ (671322), ಮಂಜೇಶ್ವರ (671323), ಬದಿಯಡ್ಕ, ಪೆರ್ಲ, ಮುಳ್ಳೇರಿಯ (671543) ಕಡೆಗೆ ಮಾತ್ರ ಆಗಿದ್ದರೆ ಆರೇ ಪಿನ್ ಕಾಣಬೇಕು. ಉದ್ದ ಸರಣಿ ಕಂಡರೆ ರೋಗ ಸಿಕ್ಕಿತು. ಊರಿಗೆ ಒಂದು ಕಾಲಮ್, ಪಿನ್‌ಗೆ ಇನ್ನೊಂದು ಕಾಲಮ್ ಮಾಡಿಬಿಡಿ.

ಮನೆ ನಂಬ್ರದ್ದು ಇನ್ನೊಂದು ಕತೆ. ನಮ್ಮಲ್ಲಿ ಪಂಚಾಯತಿನ ಮನೆ ನಂಬ್ರ ವಾರ್ಡಿನ ಜೊತೆ ಗೆರೆ ಹಾಕಿ ಬರೆಯುವುದು. 8/11 ಎಂದು ಟೈಪ್ ಮಾಡಿದ ಕೂಡಲೇ ಎಕ್ಸೆಲ್ ಅದನ್ನು ತಾರೀಕು ಎಂದುಕೊಳ್ಳುತ್ತದೆ. ಲೇಬಲಿನಲ್ಲಿ ಮನೆ ನಂಬ್ರದ ಜಾಗದಲ್ಲಿ ನವೆಂಬರ್ ಎಂಟು ಅಚ್ಚಾಗುತ್ತದೆ. ಅದನ್ನು ನೋಡಿದ ಅಂಚೆಯಣ್ಣ ಏನು ಮಾಡಬೇಕು ಪಾಪ? ಟೈಪ್ ಮಾಡುವ ಮೊದಲೇ ಆ ಕಾಲಮನ್ನು ಟೆಕ್ಸ್ಟ್ ಎಂದು ಬದಲಾಯಿಸಿಕೊಳ್ಳಿ. ಟೈಪ್ ಆದಮೇಲೆ ಬದಲಾಯಿಸಿದರೆ ಹಳೆಯ ನಂಬ್ರ ಮರಳಿ ಬರುವುದಿಲ್ಲ. ಅದರ ಬದಲು ಐದಂಕಿಯ ಇನ್ನೇನೋ ಸಂಖ್ಯೆ ಬಂದು ಕೂರುತ್ತದೆ. ಸರ್ವೆ ನಂಬ್ರ 12/3 ಇದ್ದರೂ ಇದೇ ಪಾಡು.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಹೆಸರಿನ ಕಾಲಮ್ ಒಂದನ್ನೇ ಆಯ್ದು ಅಕಾರಾದಿಯಾಗಿ ಜೋಡಿಸಿದರೆ ಹೆಸರುಗಳು ಮಾತ್ರ ಜಾಗ ಬದಲಿಸುತ್ತವೆ, ವಿಳಾಸಗಳು ಇದ್ದಲ್ಲೇ ಇರುತ್ತವೆ. ರೈಗಳ ಪತ್ರ ಭಟ್ಟರ ಮನೆಗೆ. ಲಕ್ಷಣ ಏನೆಂದರೆ, ವಾಪಸ್ ಬಂದ ಕವರಿನಲ್ಲಿ ಹೆಸರೂ ನಿಜ, ಮನೆಯೂ ನಿಜ, ಆದರೆ ಆ ಹೆಸರಿಗೂ ಮನೆಗೂ ಸಂಬಂಧವೇ ಇಲ್ಲ. ಮೂಲ ದಾಖಲೆಯ ಜೊತೆ ನಾಲ್ಕೈದು ಸಾಲು ತಾಳೆ ನೋಡಿದರೆ ಗೊತ್ತಾಗುತ್ತದೆ. ಇಂಥ ಪಟ್ಟಿಯನ್ನು ತಿದ್ದಲು ಕೂರಬೇಡಿ. ಮೂಲದಿಂದ ಮತ್ತೆ ತೆಗೆಯಿರಿ.

ಕನ್ನಡದಲ್ಲಿ ಲೇಬಲ್ ಮಾಡುವವರಿಗೆ ಇನ್ನೊಂದು ಮಾತು. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಫೈಲನ್ನು ಪ್ರೆಸ್ಸಿನ ಕಂಪ್ಯೂಟರಿನಲ್ಲಿ ತೆರೆದಾಗ ಅಲ್ಲಿ ಆ ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಅಚ್ಚಾಗುತ್ತದೆ. ಯುನಿಕೋಡಿಗೆ ಬದಲಾಯಿಸಿ ಪಿಡಿಎಫ್ ಮಾಡಿ ಕೊಡಿ.

ಊರು, ಅಂಚೆ, ಪಿನ್

ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಇಷ್ಟು ವರ್ಷವಾದರೂ ಅದನ್ನು ಓದುವುದು ಹೇಗೆ ಎಂದು ಹೆಚ್ಚಿನವರು ಗಮನಿಸಿಲ್ಲ. ಮೊದಲ ಮೂರು ಅಂಕೆ ಪತ್ರವನ್ನು ಯಾವ ಜಿಲ್ಲೆಯ ಕಡೆಗೆ ವಿಂಗಡಿಸಬೇಕು ಎಂದು ಹೇಳುತ್ತವೆ, ಕೊನೆಯ ಮೂರು ಯಾವ ಅಂಚೆ ಕಚೇರಿ ಎಂದು. ನಮ್ಮದು 671. ಗಡಿ ದಾಟಿದರೆ 574, 575.

ಗಡಿಯವರಿಗೆ ಇದು ಮುಖ್ಯ. ಜಾಗ ಎಣ್ಮಕಜೆಯಲ್ಲಿ, ಯಜಮಾನರ ಮನೆ ಅಡ್ಯನಡ್ಕದಲ್ಲೋ ವಿಟ್ಲದಲ್ಲೋ. ಜಾಗ ಕೇರಳದ್ದು, ಮನೆ ಕರ್ನಾಟಕದ್ದು. ಪಟ್ಟಿ ಮಾಡುವವರು ಗ್ರಾಮದ ಹೆಸರು ನೋಡಿ ಎಲ್ಲದಕ್ಕೂ 671 ಹಾಕಿಬಿಡುತ್ತಾರೆ. ಊರು ವಿಟ್ಲ, ಪಿನ್ ಪೆರ್ಲದ್ದು ಎಂದಾದರೆ ವಿಂಗಡಿಸುವವರು ನಂಬುವುದು ಪಿನ್ನನ್ನೇ. ತಲಪಾಡಿ ಎಂದು ಬರೆದಿರುವ ವಿಳಾಸಗಳಲ್ಲಂತೂ ಗಡಿಯ ಆಚೆಯೋ ಈಚೆಯೋ ಎಂದು ಒಂದೊಂದನ್ನೂ ನೋಡಲೇಬೇಕು.

ಅಡೂರಿನ ಪತ್ರಗಳೂ ಹೀಗೆಯೇ ದಾರಿ ತಪ್ಪುತ್ತವೆ. ಮುಳ್ಳೇರಿಯದ ಹತ್ತಿರದ ನಮ್ಮ ಅಡೂರು ಒಂದು. ಪತ್ತನಂತಿಟ್ಟ ಜಿಲ್ಲೆಯಲ್ಲಿ ಅದೇ ಸ್ಪೆಲ್ಲಿಂಗಿನ ದೊಡ್ಡ ಪೇಟೆ ಇನ್ನೊಂದು, ಪಿನ್ 691523. ಫೋನಿನಲ್ಲಿ ಪಿನ್ ಹುಡುಕಿದರೆ ಮೊದಲು ಸಿಗುವುದು ಆ ಪೇಟೆಯದ್ದೇ. ಅಡೂರಿನ ಕವರುಗಳು ತುಂಬ ತಡವಾಗಿ, ಮೈತುಂಬ ಸೀಲು ಹೊತ್ತುಕೊಂಡು ವಾಪಸ್ ಬಂದಿದ್ದರೆ ಅವು ಕೇರಳದ ಆ ತುದಿ ನೋಡಿ ಬಂದಿವೆ ಅಂತಲೇ ಲೆಕ್ಕ. ತಾರೀಕಿನ ಸೀಲುಗಳಲ್ಲಿ ಕಚೇರಿಯ ಹೆಸರು ಇರುತ್ತದೆ. ಬೆಳಕಿಗೆ ಹಿಡಿದು ಓದಿ.

ಪಿನ್ ಸರಿ ಇದ್ದರೂ ಸಾಲದು. ಒಂದು ಪಿನ್ನಿನ ಕೆಳಗೆ ಹಲವು ಬ್ರಾಂಚ್ ಪೋಸ್ಟ್ ಆಫೀಸುಗಳು ಇರುತ್ತವೆ. ಕವರು ಬದಿಯಡ್ಕಕ್ಕೆ ಬಂದಮೇಲೆ ಯಾವ ಬ್ರಾಂಚಿನ ಚೀಲಕ್ಕೆ ಹಾಕಬೇಕು ಎಂದು ಗೊತ್ತಾಗುವುದು ವಿಳಾಸದಲ್ಲಿ "ಅಂಚೆ" ಎಂದು ಬರೆದ ಹೆಸರಿನಿಂದ. ಕಂದಾಯ ಗ್ರಾಮದ ಹೆಸರೇ ಅಂಚೆಯ ಹೆಸರು ಆಗಿರಬೇಕೆಂದಿಲ್ಲ. ಜಾಗದ ದಾಖಲೆಯಲ್ಲಿ ಇರುವುದು ಗ್ರಾಮ. ಅದನ್ನೇ ಅಂಚೆ ಎಂದು ಬರೆದರೆ "ವಿಳಾಸ ಸಾಲದು" ಎಂಬ ಷರಾ ಬರುತ್ತದೆ. ಯಾವ ಮೂಲೆಗೆ ಯಾವ ಬ್ರಾಂಚು ಎಂದು ಸಬ್ ಪೋಸ್ಟ್ ಆಫೀಸಿನಲ್ಲಿ ಕೇಳಿದರೆ ಹೇಳುತ್ತಾರೆ. ಆದರೆ "ಇವರು ಈಗ ಎಲ್ಲಿದ್ದಾರೆ, ಫೋನ್ ನಂಬ್ರ ಕೊಡಿ" ಎಂದೆಲ್ಲ ಅವರನ್ನು ಪೀಡಿಸಬೇಡಿ. ಅದು ಅವರು ಹೇಳಬಾರದ ವಿಷಯ.

ಕವರಿನ ಮೇಲೆ ಯಾವ ಭಾಷೆ ಎಂಬ ಪ್ರಶ್ನೆ ನಮ್ಮಲ್ಲಿ ಯಾವಾಗಲೂ ಬರುತ್ತದೆ. ನನ್ನ ಅಭಿಪ್ರಾಯ ಇಷ್ಟೇ: ಅಂಚೆ, ಜಿಲ್ಲೆ, ಪಿನ್ ಇಂಗ್ಲಿಷಿನ ದೊಡ್ಡಕ್ಷರದಲ್ಲಿರಲಿ. ಹೆಸರು ಮತ್ತು ಮನೆ ಹೆಸರು ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಇರಲಿ. ಕುಂಞಿ ಎಂಬುದನ್ನು ಇಂಗ್ಲಿಷಿನಲ್ಲಿ ಒಬ್ಬರು ಕುನ್ಹಿ ಎಂದೂ ಇನ್ನೊಬ್ಬರು ಕುಂಜಿ ಎಂದೂ ಬರೆಯುತ್ತಾರೆ. ಕನ್ನಡದಲ್ಲೂ ಇದ್ದರೆ ಊರಿನ ಅಂಚೆಯಣ್ಣನಿಗೆ ಅನುಮಾನ ಇರುವುದಿಲ್ಲ. ಕೇರಳದ ತೆಂಕಣ ಜಿಲ್ಲೆಗಳಿಂದ ಹೊಸದಾಗಿ ಬಂದ ಅಂಚೆಯವರು ಇಂಗ್ಲಿಷ್ ಓದಿಕೊಳ್ಳುತ್ತಾರೆ.

ಮನೆ ಹೆಸರು, ಮನೆ ನಂಬ್ರ

ಕೇರಳದಲ್ಲಿ 2025ರ ಪಂಚಾಯತ್ ಚುನಾವಣೆಗೆ ಮುಂಚೆ ವಾರ್ಡುಗಳನ್ನು ಹೊಸದಾಗಿ ವಿಂಗಡಿಸಿದರು. ಮನೆ ನಂಬ್ರ ವಾರ್ಡಿಗೆ ಅಂಟಿಕೊಂಡದ್ದು. ಹಾಗಾಗಿ ಹಳೆಯ ರಶೀದಿಯಿಂದ ತೆಗೆದ ನಂಬ್ರವನ್ನು ಪೂರ್ತಿ ನಂಬಬೇಡಿ. ಹಳ್ಳಿಯಲ್ಲಿ ಪತ್ರ ತಲುಪಿಸುವುದು ಮನೆ ಹೆಸರು. ಆದರೆ ಅದರಲ್ಲೂ ಒಂದು ತೊಡಕು ಇದೆ. ಪಾಲಾದ ಮೇಲೆ ಅಣ್ಣ ತಮ್ಮಂದಿರು ಒಂದೇ ಮನೆ ಹೆಸರು ಇಟ್ಟುಕೊಂಡು ಮೂರು ಕಡೆ ಮನೆ ಕಟ್ಟಿರುತ್ತಾರೆ. ಒಂದೇ ಬ್ರಾಂಚಿನಲ್ಲಿ ಸುಬ್ರಹ್ಮಣ್ಯ ಭಟ್ಟರು ಎಷ್ಟು ಜನ ಇಲ್ಲ! ತಂದೆಯ ಹೆಸರು ಸೇರಿಸಿ. ಹತ್ತಿರದ ದೇವಸ್ಥಾನ, ಮಸೀದಿ, ಶಾಲೆ ಯಾವುದಾದರೂ ಒಂದನ್ನು ಬರೆಯಿರಿ.

ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ಎಂಬ ಹತ್ತು ಅಕ್ಷರದ ಸಂಕೇತ ತಂದಿದೆ. ಸುಮಾರು ನಾಲ್ಕು ಮೀಟರ್ ಚೌಕದ ಪ್ರತಿ ಜಾಗಕ್ಕೂ ಒಂದು. ಒಳ್ಳೆಯದೇ. ಆದರೆ ಅದು ಪಿನ್ನಿಗೆ ಬದಲಿ ಅಲ್ಲ. ಜೊತೆಗೆ, ನೀವು ಮನೆಯ ಬದಲು ತೋಟದ ಡಿಜಿಪಿನ್ ಹಾಕಿದರೆ ಅಂಚೆಯಣ್ಣ ಅಡಿಕೆ ಮರದ ಬುಡಕ್ಕೆ ಪತ್ರ ಕೊಡಬೇಕಾದೀತು.

ಷರಾ ಏನು ಹೇಳುತ್ತದೆ?

"ಬಾಗಿಲು ಹಾಕಿದೆ", "ಪಡೆಯಲು ಬಂದಿಲ್ಲ" ಎಂಬ ಎರಡು ಷರಾಗಳು ಸ್ಪೀಡ್ ಪೋಸ್ಟಿನಂಥ ಸಹಿ ಹಾಕಿಸಿಕೊಳ್ಳುವ ಪತ್ರಗಳಿಗೆ ಬರುವುದು ಜಾಸ್ತಿ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಚೀಟಿ ಇಟ್ಟು, ಪೋಸ್ಟ್ ಆಫೀಸಿನಲ್ಲಿ ಕೆಲವು ದಿನ ಇಟ್ಟುಕೊಂಡು, ಆಮೇಲೆ ವಾಪಸ್ ಕಳುಹಿಸುತ್ತಾರೆ. ಇಲ್ಲಿ ವಿಳಾಸ ತಪ್ಪಿಲ್ಲ. ಮನೆ ಇದೆ, ಜನ ಇಲ್ಲ. ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇರಬಹುದು. ಜಾಗ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಇಲ್ಲ. ಇವರನ್ನು ಪಟ್ಟಿಯಿಂದ ತೆಗೆಯುವವರನ್ನು ನೋಡಿದರೆ ನನಗೆ ಆಶ್ಚರ್ಯವಾಗುತ್ತದೆ. ಬೇಸಗೆ ರಜೆಯಲ್ಲೋ ಊರಿನ ಜಾತ್ರೆ, ಕೋಲದ ಸಮಯದಲ್ಲೋ ಇನ್ನೊಮ್ಮೆ ಹಾಕಿ. ಆಗ ಮನೆ ಬಾಗಿಲು ತೆರೆದಿರುತ್ತದೆ.

"ಮನೆ ಬಿಟ್ಟು ಹೋಗಿದ್ದಾರೆ" ಎಂದಿದ್ದರೆ ಆ ವಿಳಾಸದ ಕತೆ ಮುಗಿಯಿತು. ಹೊಸ ವಿಳಾಸವನ್ನು ಪಕ್ಕದ ಜಾಗದವರಲ್ಲಿ, ತೋಟ ನೋಡಿಕೊಳ್ಳುವವರಲ್ಲಿ ಕೇಳಬೇಕು. ಈ ವಿಷಯದಲ್ಲಿ ಯೂಟ್ಯೂಬಿನ ಅಮೆರಿಕನ್ ಪಾಠ ಇಲ್ಲಿ ನಡೆಯುವುದಿಲ್ಲ. ಅಲ್ಲಿ ಮನೆ ಬದಲಿಸುವವರು ಅಂಚೆಗೆ ಅರ್ಜಿ ಕೊಡುತ್ತಾರೆ, ಆ ಮಾಹಿತಿ ಒಂದು ದೊಡ್ಡ ಪಟ್ಟಿಯಾಗುತ್ತದೆ. ರಿಯಾಯಿತಿ ದರದಲ್ಲಿ ಸಗಟಾಗಿ ಪತ್ರ ಹಾಕುವವರು ತಮ್ಮ ವಿಳಾಸಗಳನ್ನು ಕಳುಹಿಸುವ ಮೊದಲಿನ 95 ದಿನಗಳೊಳಗೆ ಹೊಸ ವಿಳಾಸಗಳ ಜೊತೆ ತಾಳೆ ನೋಡಿರಬೇಕು. ನಮ್ಮಲ್ಲಿ ಹಾಗೆ ಮಾರಾಟಕ್ಕೆ ಸಿಗುವ ಪಟ್ಟಿ ಇಲ್ಲ. ಇದೆ ಎಂದು ಯಾರಾದರೂ ಮಾರಲು ಬಂದರೆ ದೂರ ಇರಿ.

"ತೀರಿಹೋಗಿದ್ದಾರೆ" ಎಂಬ ಷರಾ ನಮ್ಮ ಕಡೆ ಅಪರೂಪ ಅಲ್ಲ. ಅಜ್ಜ ತೀರಿಹೋಗಿ ಎಷ್ಟೋ ಕಾಲವಾದರೂ ಪೋಕುವರವು (ಖಾತೆ ಬದಲಾವಣೆ) ಆಗದೆ ತಂಡಪ್ಪೇರ್ ಅಜ್ಜನ ಹೆಸರಿನಲ್ಲೇ ಇರುತ್ತದೆ, ತೆರಿಗೆ ಮಕ್ಕಳು ಕಟ್ಟುತ್ತಾರೆ. ಹಾಗಾಗಿ ಪಟ್ಟಿಯಲ್ಲಿ ಅಜ್ಜನೇ ಬರುತ್ತಾರೆ. ಮೊದಲು ಮಾಡಬೇಕಾದದ್ದು ಆ ಹೆಸರಿಗೆ ಮತ್ತೆ ಪತ್ರ ಹೋಗದ ಹಾಗೆ ಅದನ್ನು ಪಟ್ಟಿಗಳಿಂದ ಬೇರೆ ಹಾಳೆಗೆ ಹಾಕುವುದು. ತೀರಿಹೋದವರ ಹೆಸರಿಗೆ ಮತ್ತೆ ಮತ್ತೆ "ಜಾಗ ಕೊಡುತ್ತೀರಾ" ಎಂದು ಪತ್ರ ಬಂದರೆ ಆ ಮನೆಯವರಿಗೆ ಹೇಗಾಗಬೇಡ! ಮಕ್ಕಳ ಹೆಸರು ಗೊತ್ತಾದರೂ ಅವಸರ ಬೇಡ. ವರ್ಷಾಂತಿಕ ಕಳೆಯುವವರೆಗೆ ಆ ಮನೆಗೆ ವ್ಯಾಪಾರದ ಪತ್ರ ಹಾಕಬಾರದು ಎಂಬುದು ನನ್ನ ಅಭಿಪ್ರಾಯ. ಆಮೇಲೆ ಹಾಕುವಾಗಲೂ "ಇಂಥವರ ವಾರಸುದಾರರಿಗೆ" ಎಂದು ಕವರಿನ ಮೇಲೆ ಬರೆಯಬೇಡಿ. ಮನೆಯ ಹಿರಿಯರ ಹೆಸರಿಗೆ ಹಾಕಿ. ಅಂಥ ಜಾಗ ಮಾರಾಟಕ್ಕೆ ಬಂದರೂ ಪಾಲು, ವಾರಸು ಸರ್ಟಿಫಿಕೇಟು, ಪೋಕುವರವು ಎಲ್ಲ ಆಗದೆ ವ್ಯವಹಾರ ಮುಂದೆ ಹೋಗುವುದಿಲ್ಲ ಎಂಬುದೂ ನೆನಪಿರಲಿ.

"ನಿರಾಕರಿಸಿದ್ದಾರೆ" ಎಂದಿದ್ದರೆ ಚರ್ಚೆ ಇಲ್ಲ. ತೆಗೆದುಬಿಡಿ, ಮತ್ತೆ ಸೇರಿಸಬೇಡಿ. ಒಂದೇ ಒಂದು ವಿಷಯ ಮಾತ್ರ ನೋಡಿ: ಅಂಚೆಚೀಟಿ ಕಡಿಮೆ ಹಚ್ಚಿದ್ದೀರಾ? ಮಾಮೂಲಿ ಪತ್ರಕ್ಕೆ 20 ಗ್ರಾಂ ವರೆಗೆ 5 ರೂಪಾಯಿ. ದಪ್ಪ ಹೊಳಪಿನ ಬ್ರೋಷರ್ ಒಳಗೆ ಇಟ್ಟರೆ ತೂಕ ಅದನ್ನು ದಾಟುತ್ತದೆ. ಬಾಕಿಯನ್ನು ದಂಡ ಸೇರಿಸಿ ಪಡೆಯುವವರಿಂದ ಕೇಳುತ್ತಾರೆ. ಯಾರದ್ದೋ ಜಾಹೀರಾತಿಗೆ ಕೈಯಿಂದ ದುಡ್ಡು ಕೊಟ್ಟು ತೆಗೆದುಕೊಳ್ಳುವವರು ಯಾರು? ಪೂರ್ತಿ ತುಂಬಿದ ಒಂದು ಕವರನ್ನು ಕೌಂಟರಿನಲ್ಲಿ ತೂಗಿಸಿ ನೋಡಿ.

ಏನೂ ವಾಪಸ್ ಬಾರದಿದ್ದರೆ

ಇದೂ ಒಂದು ರೋಗಲಕ್ಷಣವೇ. ಹಳೆಯ ಪಟ್ಟಿಗೆ ಪತ್ರ ಹಾಕಿ ಒಂದು ಕವರೂ ವಾಪಸ್ ಬರಲಿಲ್ಲ ಅಂದರೆ ಖುಷಿಪಡಬೇಡಿ. ಕಳುಹಿಸಿದವರ ವಿಳಾಸ ಕವರಿನ ಮೇಲೆ ಇದೆಯಾ ನೋಡಿ. ಬರೀ ಲೋಗೋ ಮತ್ತು ಮೊಬೈಲ್ ನಂಬ್ರ ಇದ್ದರೆ ಅಂಚೆಯವರು ಎಲ್ಲಿಗೆ ವಾಪಸ್ ಕಳುಹಿಸಬೇಕು? ಅಂಥವು ವಾರಸುದಾರರಿಲ್ಲದ ಪತ್ರಗಳಿಗೆಂದೇ ಇರುವ ಕಚೇರಿಗೆ ಹೋಗುತ್ತವೆ.

ವಿಳಾಸ ಇದ್ದೂ ಬಾರದಿದ್ದರೆ ಕವಲು ದಾರಿಯ ಅಂಗಡಿಗಳನ್ನು ನೆನಪಿಸಿಕೊಳ್ಳಿ. ಒಳಗಿನ ಮನೆಗಳ ಪತ್ರವನ್ನು ಅಂಗಡಿಯಲ್ಲಿ ಕೊಟ್ಟು ಹೋಗುವ ರೂಢಿ ಹಲವು ಕಡೆ ಇದೆ. ತಕ್ಕಡಿಯ ಹಿಂದೆ, ಬೀಡಿ ಕಟ್ಟುಗಳ ಪಕ್ಕದಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಬ್ಯಾಂಕಿನ ನೋಟೀಸು, ಮದುವೆ ಕಾಗದ, ಕರೆಂಟ್ ಬಿಲ್ಲು ಎಲ್ಲ ಅದರಲ್ಲಿ. "ಭಟ್ರೇ, ನಿಮ್ಮದೊಂದು ಕಾಗದ ಉಂಟು" ಎಂದು ಅಂಗಡಿಯವರು ಕರೆದು ಕೊಡುವುದು ಮದುವೆ ಕಾಗದವನ್ನು. ಜಾಹೀರಾತಿನ ಹಾಗೆ ಕಾಣುವ ಕವರು ಅಡಿಯಲ್ಲೇ ಉಳಿಯುತ್ತದೆ. ಇದಕ್ಕೆ ಮದ್ದು ಕವರಿನಲ್ಲೇ ಇದೆ. ಬಣ್ಣದ ಚಿತ್ರ, "ಸುವರ್ಣಾವಕಾಶ" ಎಂಬ ಕೆಂಪು ಅಕ್ಷರ ತೆಗೆದು ಮಾಮೂಲಿ ಕವರಿನಲ್ಲಿ ಕೈಬರಹದಲ್ಲಿ ವಿಳಾಸ ಬರೆಯಿರಿ.

ಖಾತ್ರಿ ಮಾಡಿಕೊಳ್ಳಲು ಪ್ರತಿ ಕಂತೆಯಲ್ಲೂ ಗುರುತಿನವರ ಕೆಲವು ವಿಳಾಸ ಸೇರಿಸಿಬಿಡಿ. ಪೇಟೆಯಲ್ಲಿ ಒಬ್ಬರು, ಒಳಗಿನ ಹಳ್ಳಿಯಲ್ಲಿ ಒಬ್ಬರು, ಗಡಿಯ ಆಚೆ ಒಬ್ಬರು. ಅವರಿಗೆ ಯಾವ ದಿನ ಸಿಕ್ಕಿತು, ಹೇಗೆ ಸಿಕ್ಕಿತು ಎಂದು ಫೋನ್ ಮಾಡಿ ಕೇಳಿ.

ಮಳೆಗಾಲ

ಜೂನ್‌ನಿಂದ ಇಂಕ್‌ಜೆಟ್ಟಿನಲ್ಲಿ ಅಚ್ಚು ಮಾಡಿದ ವಿಳಾಸ ನಂಬಬೇಡಿ. ಒಂದು ಹನಿ ಬಿದ್ದರೆ ಪಿನ್ ಹರಡುತ್ತದೆ. ಲೇಸರ್ ಅಥವಾ ಬಾಲ್ ಪೆನ್. ಹೊಳಪಿನ ಕವರಿನ ಮೇಲಿನ ಲೇಬಲ್ ತೇವಕ್ಕೆ ಕಿತ್ತುಬರುತ್ತದೆ.

ಎರಡನೇ ಸುತ್ತು

ವಾಪಸ್ ಬಂದದ್ದನ್ನು ಹಾಳೆಯಲ್ಲಿ ದಾಖಲಿಸಿ: ಹಾಕಿದ ದಿನ, ವಾಪಸ್ ಬಂದ ದಿನ, ಷರಾ, ಮಾಡಿದ ತಿದ್ದುಪಡಿ. ಸಾಲನ್ನೇ ಅಳಿಸಬೇಡಿ. ಅಳಿಸಿದರೆ ಮುಂದಿನ ಸಲ ಹೊಸ ಪಟ್ಟಿ ತಂದಾಗ ಅದೇ ಹೆಸರು ಮತ್ತೆ ಒಳಗೆ ಬರುತ್ತದೆ. ಬೇಡ ಎಂದವರದ್ದೂ ತೀರಿಹೋದವರದ್ದೂ ಬೇರೆಯೇ ಹಾಳೆ ಇರಲಿ. ಪ್ರತಿ ಹೊಸ ಪಟ್ಟಿಯನ್ನೂ ಮೊದಲು ಅದರ ಜೊತೆ ತಾಳೆ ನೋಡಿ.

ಮುಖ್ಯ ಎನಿಸಿದ ಕೆಲವರಿಗೆ ಸ್ಪೀಡ್ ಪೋಸ್ಟ್ ಮಾಡಿದರೆ ಪತ್ರ ಎಲ್ಲಿ ನಿಂತಿದೆ ಎಂದು ಫೋನಿನಲ್ಲೇ ಕಾಣುತ್ತದೆ. ಹಳೆಯ ರಿಜಿಸ್ಟರ್ಡ್ ಪೋಸ್ಟನ್ನು 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟಿನ ಜೊತೆ ಸೇರಿಸಿದ್ದಾರೆ. ಅವರ ಕೈಗೇ ಸಿಗಬೇಕು ಎಂದಿದ್ದರೆ ಅದರ ಮೇಲೆ ರಿಜಿಸ್ಟ್ರೇಷನ್ ಸೇರಿಸಿಕೊಳ್ಳಬೇಕು. ಎಲ್ಲರಿಗೂ ಹೀಗೆ ಕಳುಹಿಸುವುದು ದುಡ್ಡು ದಂಡ. ಅಲ್ಲದೆ ಸಹಿ ಹಾಕುವ ಪತ್ರ ಅಂದಕೂಡಲೇ ಕೋರ್ಟ್ ನೋಟೀಸು ಎಂದು ಹೆದರುವವರೂ ಇದ್ದಾರೆ.

ನೀವು ಜಾಗ ಹುಡುಕುವವರಲ್ಲ, ಸೈಟ್ ಮಾರುವವರು ಎಂದಾದರೆ ಹೆಸರಿನ ಗೊಡವೆಯೇ ಬೇಡ. ವಿಳಾಸ ಬರೆಯದ ಕರಪತ್ರಗಳನ್ನು ಆಯ್ದ ಪ್ರದೇಶದಲ್ಲಿ ಹಂಚುವ ಡೈರೆಕ್ಟ್ ಪೋಸ್ಟ್ ಎಂಬ ಸೇವೆ ಅಂಚೆ ಇಲಾಖೆಯಲ್ಲೇ ಇದೆ. ಅದರಲ್ಲಿ ವಾಪಸ್ ಬರುವ ಪ್ರಶ್ನೆಯೇ ಇಲ್ಲ. ಆದರೆ 500 ಚದರ ಮೀಟರಿಗಿಂತ, ಅಂದರೆ ಸುಮಾರು ಹನ್ನೆರಡು ಸೆಂಟಿಗಿಂತ ಹೆಚ್ಚಿನ ಜಾಗವನ್ನು ಸೈಟ್ ಮಾಡಿ ಮಾರುವುದಾದರೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಪ್ರಕಾರ ಕೇರಳ ರೇರಾ ಪ್ರಾಧಿಕಾರದಲ್ಲಿ ನೋಂದಣಿ ಆಗದೆ ಜಾಹೀರಾತು ಹಾಕುವ ಹಾಗಿಲ್ಲ. ಆ ನೋಂದಣಿ ನಂಬ್ರ ಕರಪತ್ರದಲ್ಲಿ ಇರಬೇಕು.

ತಿದ್ದಿದ ಪಟ್ಟಿಯನ್ನು ಒಮ್ಮೆಲೇ ಅಚ್ಚಿಗೆ ಕೊಡಬೇಡಿ. ಪ್ರತಿ ಪಿನ್ನಿನಿಂದ ಒಂದೆರಡು ಕವರು ಮಾತ್ರ ಹಾಕಿ ಕಾಯಿರಿ. ಅವು ತಲುಪಿದ್ದು ಖಾತ್ರಿಯಾದ ಮೇಲೆ ಉಳಿದದ್ದು. ತಿದ್ದಿದ ಮೇಲೂ ಅದೇ ಹೆಸರು ಎರಡನೇ ಸಲ ವಾಪಸ್ ಬಂದರೆ ಅಂಚೆ ಸಾಕು. ಆ ಜಾಗ ಬೇಕೇ ಬೇಕು ಎನಿಸಿದರೆ ಬೈಕ್ ಹತ್ತಿ ಹೋಗಿ, ಬೇಲಿಯ ಆಚೆ ಯಾರಿದ್ದಾರೆ ಎಂದು ಕೇಳಿ.